ಹುಲ್ಲಿನ ಮೇಲೆ ಎರಚಿದ ಯೂರಿಯಾ

ಉಳುಮೆ ಮಾಡದ ಗದ್ದೆಯಲ್ಲಿ ಗೋವಿನಜೋಳ ಬೆಳೆಯಬಹುದು ಎಂದು ನಾನು ಮಾಸೂರಿನಲ್ಲಿ ಹೇಳಿದಾಗ ಕುಳಿತವರೆಲ್ಲ ನಕ್ಕರು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಒಬ್ಬ ಹೆಣ್ಣುಮಗಳು ಮಾತ್ರ ನಗಲಿಲ್ಲ. ಸಭೆ ಮುಗಿದ ಮೇಲೆ ನನ್ನ ಹಿಂದೆಯೇ ರಸ್ತೆಯವರೆಗೆ ಬಂದಳು.

“ನೇಗಿಲ ಬ್ಯಾಡಂದ್ರ ಎತ್ತೂ ಬ್ಯಾಡಲ್ರೀ ಬಾಯಾರ?”

“ಬ್ಯಾಡ.”

“ಹಂಗಾರ ನನ್ನ ಗದ್ದಿಗೆ ಬರ್ರಿ.”

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಾನು ಹಿರೇಕೆರೂರಿನಲ್ಲಿ ಕೃಷಿ ಸಹಾಯಕಿಯಾಗಿದ್ದೆ. ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಎರಡನೆಯ ಬೆಳೆ ತೆಗೆಯಿಸುವ ಒಂದು ಯೋಜನೆ ಬಂದಿತ್ತು. ಅದರ ಪ್ರಾತ್ಯಕ್ಷಿಕೆಗೆ ಮಾಸೂರಿನಲ್ಲಿ ಒಂದು ಗದ್ದೆ ಹುಡುಕುವ ಕೆಲಸ ನನ್ನದು. ಮದಗದ ಕೆರೆಯ ಕಾಲುವೆ ಮುಗಿಯುವ ಕಡೆಯಲ್ಲಿ ಆಕೆಯ ಗದ್ದೆ ಇತ್ತು. ಕೊನೆಯ ಗದ್ದೆಗಳಿಗೆ ನೀರು ಕೊನೆಗೆ ಬರುತ್ತದೆ. ಎತ್ತುಗಳೂ ಅಷ್ಟೇ. ಆ ಸಾಲಿನ ಯಾವ ಮನೆಯಲ್ಲೂ ಎತ್ತು ಇರಲಿಲ್ಲ. ಎತ್ತು ಇದ್ದವರು ತಮ್ಮದನ್ನೆಲ್ಲ ಉತ್ತು ಮುಗಿಸಿ ಇವರ ಕಡೆ ಬರುವಷ್ಟರಲ್ಲಿ ಭತ್ತದ ಗದ್ದೆಯ ಹಸಿ ಆರಿ, ನೆಲ ಕಲ್ಲಾಗಿ, ನೇಗಿಲಿಗೆ ಹೆಂಟೆ ಏಳುತ್ತಿತ್ತು. ಆ ಹೆಂಟೆಯಲ್ಲಿ ಬೀಜ ಹುಟ್ಟುವುದಿಲ್ಲ. ಹಾಗಾಗಿ ಪ್ರತಿ ಚಳಿಗಾಲವೂ ಆ ಸಾಲು ಬೀಳು. ಅವರೆಲ್ಲ ಊರ ಹೊರಗಿನ ಕೇರಿಯ ಬೌದ್ಧರು. ಎತ್ತು ತಡವಾಗಿ ಬರುವುದಕ್ಕೆ ಅದೂ ಒಂದು ಕಾರಣ ಎಂದು ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆಕೆಯ ಗಂಡ ಹಾನಗಲ್ ಕಡೆ ಒಂದು ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಗದ್ದೆಯ ಕೆಲಸವೆಲ್ಲ ಆಕೆಯದೇ. ಬಿತ್ತನೆಯ ದಿನ ನಾವಿಬ್ಬರೂ ಪಕ್ಕದ ಗದ್ದೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಹಗ್ಗ ಹಿಡಿದು ಇಳಿದೆವು. ಭತ್ತದ ಕೂಳೆಯನ್ನು ಹಾಗೇ ಬಿಟ್ಟು, ಸಾಲಿನ ನಡುವೆ ತೆಳ್ಳಗೆ ಹುಲ್ಲು ಹಾಸಿದೆವು. ತುದಿಗೆ ಕಬ್ಬಿಣ ಬಡಿಸಿದ ಮೊನೆಗೋಲಿನಿಂದ ತೂತು ಹೊಡೆದು, ಎರಡೆರಡು ಕಾಳು ಹಾಕಿ, ಹಿಮ್ಮಡಿಯಿಂದ ಒತ್ತಿ ಮುಚ್ಚುತ್ತ ಹೋದೆವು. ಹುಲ್ಲು ಹಾಸಿದ್ದರಿಂದ ಒಳಗಿನ ಹಸಿ ಆರಲಿಲ್ಲ. ಒಂದು ವಾರ ಕಳೆದು ಹೋದಾಗ ಕೂಳೆಯ ನಡುವಿನಿಂದ ಗೋವಿನಜೋಳದ ಸುಳಿ ಸಾಲಾಗಿ ಎದ್ದಿತ್ತು. ಸಭೆಯಲ್ಲಿ ನಕ್ಕವರಲ್ಲಿ ಕೆಲವರು ಬದುವಿನ ಮೇಲೆ ಬಂದು ನಿಂತು ನೋಡಿ ಹೋದರು.

ಹುಟ್ಟಿಸುವುದು ಕಷ್ಟವಲ್ಲ ಎಂಬುದು ನನಗೆ ಗೊತ್ತಿತ್ತು. ಉಳುಮೆ ಇಲ್ಲದ ನೆಲದಲ್ಲಿ ಕಷ್ಟದ ಕೆಲಸ ಗೊಬ್ಬರದ್ದು. ಉತ್ತ ಹೊಲದಲ್ಲಿ ಯೂರಿಯಾ ಎರಚಿದರೆ ಕುಂಟೆ ಹೊಡೆದಾಗ ಅದು ಮಣ್ಣಿನಲ್ಲಿ ಬೆರೆಯುತ್ತದೆ. ಇಲ್ಲಿ ಬೆರೆಸುವವರು ಯಾರೂ ಇಲ್ಲ. ಒದ್ದೆ ಹುಲ್ಲಿನ ಮೇಲೆ ಬಿದ್ದ ಯೂರಿಯಾ ಅಲ್ಲಿಯೇ ಕರಗಿ, ಹುಲ್ಲಿಗೆ ಅಂಟಿಕೊಂಡೇ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಹೋಗದೆ ಉಳಿದದ್ದನ್ನು ಆ ಹುಲ್ಲನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮೊದಲು ತಿನ್ನುತ್ತವೆ. ಬೆಳೆಯ ಸರದಿ ಬರುವುದು ಆಮೇಲೆ. ಅದಕ್ಕೇ ನಾನು ಯೋಜನೆ ಬರೆಯುವಾಗ ಸ್ಪಷ್ಟವಾಗಿ ಬರೆದಿದ್ದೆ: ಸಸಿಗೆ ಎರಡು ಎಲೆ ಬಂದಾಗ ಸ್ವಲ್ಪ, ಮೊಣಕಾಲೆತ್ತರ ಬಂದಾಗ ಹೆಚ್ಚಿನ ಪಾಲು, ಹೂಗೊಂಚಲು ಇಣುಕುವ ಮೊದಲು ಉಳಿದದ್ದು. ಪ್ರತಿ ಸಲವೂ ಹುಲ್ಲು ಸರಿಸಿ, ಮಣ್ಣಿನೊಳಗೆ. ಸಾಹೇಬರು ಓದಿ ರುಜು ಹಾಕಿದ್ದರು.

ಸಾಹೇಬರೆಂದರೆ ನನ್ನ ಮೇಲಧಿಕಾರಿ. ಒಳ್ಳೆಯ ಮಾತುಗಾರರು. ಜೀಪಿನಿಂದ ಇಳಿಯುವ ಮೊದಲು ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದರು.

ಸಸಿಗೆ ಎರಡನೆಯ ಎಲೆ ಬಿಡುತ್ತಿದ್ದ ದಿನಗಳಲ್ಲಿ ಒಂದು ಬೆಳಗ್ಗೆ ಅವರು ಮಾಸೂರಿಗೆ ಬಂದರು. ಜೊತೆಗೆ ಒಬ್ಬ ಫೋಟೋಗ್ರಾಫರ್. ಧಾರವಾಡದಿಂದ ದೊಡ್ಡ ಅಧಿಕಾರಿಗಳು ಮಧ್ಯಾಹ್ನಕ್ಕೆ ಬರುವವರಿದ್ದರು. ಹಿಂದಿನ ದಿನ ಮೋಡ ಕವಿದು ನಾಲ್ಕು ಹನಿ ಬಿದ್ದಿತ್ತು, ಗದ್ದೆಯ ಹುಲ್ಲೆಲ್ಲ ಒದ್ದೆ. ಸಾಹೇಬರು ಸೀದಾ ಬಂದು, ಪ್ರಾತ್ಯಕ್ಷಿಕೆಗೆಂದು ಕೊಟ್ಟಿದ್ದ ಯೂರಿಯಾ ಚೀಲಗಳನ್ನೆಲ್ಲ ಬದುವಿಗೆ ತರಿಸಿದರು.

“ಇವತ್ತ ಎಲ್ಲಾ ಹಾಕಿಸಿಬಿಡ್ರಿ,” ಎಂದರು.

“ಎಲ್ಲಾ ಅಂದ್ರ? ಮೂರು ಸಲದ್ದದ ಸರ್ ಅದು.”

“ಒಮ್ಮೆಲೆ ಹಾಕಿಸ್ರಿ. ದೊಡ್ಡ ಸಾಹೇಬ್ರು ಬಂದಾಗ ಗೊಬ್ಬರ ಹಾಕೋದು ಕಾಣಬೇಕು. ನೀವು ಒಂದೊಂದ ತೂತಿನ್ಯಾಗ ಚಿಟಿಗಿ ಚಿಟಿಗಿ ಹಾಕ್ಕೋತ ಕುಂತ್ರ ಫೋಟೋದಾಗ ಏನ ಬರ್ತದ? ಸಾಲಾಗಿ ನಿಂದರಿಸಿ ಎರಚಿಸ್ರಿ.”

“ಹುಲ್ಲು ಒದ್ದಿ ಅದ ಸರ್. ಎರಚಿದ್ರ ಅರ್ಧಕ್ಕರ್ಧ ಗಾಳಿಗೆ ಹೋಗ್ತದ. ನೀವ ರುಜು ಮಾಡಿದ ಯೋಜನಾದಾಗ ಬರದೇನಿ.”

ಸಾಹೇಬರು ನಕ್ಕರು. ಸಿಟ್ಟಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. “ಕಾಲೇಜಿನ ಪುಸ್ತಕ ಕಾಲೇಜಿನ್ಯಾಗ ಬಿಡ್ರಿ. ಈ ಹೊಲದ ಸಲುವಾಗಿ ಇಷ್ಟ ಯಾಕ ಜೀವಾ ತೇಯ್ತೀರಿ? ನಿಮ್ಮಂಥಾ ಮನಿತನದವ್ರು ಈ ಕೇರಿಯಾಗ ಕುಂತು ಚಾ ಕುಡೀತೀರಂತ. ಕೇಳೇನಿ ನಾನು.”

ನನ್ನದು ಸವಣೂರಿನ ವೈಷ್ಣವ ಮನೆತನ. ಅಜ್ಜ ಮನೆಯಲ್ಲಿ ಪಾಠ ಹೇಳುತ್ತಿದ್ದವರು. ಆಕೆಯ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಕುಳಿತು ನಾನು ಚಹಾ ಕುಡಿದದ್ದು ನಿಜ. ಆ ಮಾತಿಗೂ ಯೂರಿಯಾಕ್ಕೂ ಏನು ಸಂಬಂಧ ಎಂದು ಕೇಳಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಅವರು ಫೋಟೋಗ್ರಾಫರನಿಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ತೋರಿಸುತ್ತಿದ್ದರು. ಎರಚುವುದಕ್ಕೆ ಜನರನ್ನು ಅವರೇ ಕರೆಸಿದ್ದರು. ಬಿಳಿ ಟವೆಲ್ ಹೆಗಲಿಗೆ ಹಾಕಿಸಿ, ಬುಟ್ಟಿ ಕೊಟ್ಟು, ಸಾಲಾಗಿ ನಿಲ್ಲಿಸಿದರು. ಗದ್ದೆಯ ಒಡತಿಯನ್ನು ನಡುವೆ ನಿಲ್ಲಿಸಿದರು. ಆಕೆ ಬುಟ್ಟಿ ಹಿಡಿದು ನನ್ನ ಮುಖ ನೋಡಿದಳು. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು. ಅದನ್ನು ಸಾಹೇಬರು ನೋಡಿದರು.

“ಏನ ನೋಡ್ತಿ ಅವರ ಮಾರಿ? ಎರಚು.”

ಎಲ್ಲರೂ ಎರಚಿದರು. ಮಧ್ಯಾಹ್ನ ದೊಡ್ಡ ಅಧಿಕಾರಿಗಳು ಬಂದು ಬದುವಿನ ಮೇಲೆ ಹತ್ತು ನಿಮಿಷ ನಿಂತರು. ಚೆನ್ನಾಗಿದೆ ಎಂದರು. ಜೀಪುಗಳು ಹೋದವು. ಹುಲ್ಲಿನ ಮೇಲೆ ಬಿಳಿ ಕಾಳು ಹರಳುಪ್ಪಿನಂತೆ ಬಿದ್ದುಕೊಂಡಿತ್ತು.

ಎರಡು ದಿನ ಬಿಟ್ಟು ಬೆಳಗಿನ ಬಸ್ಸಿಗೇ ಹೋದೆ. ಬಿಸಿಲು ಆಗಷ್ಟೇ ಇಬ್ಬನಿಯ ಮೇಲೆ ಬೀಳುತ್ತಿತ್ತು. ಬದುವಿನಿಂದ ಕೆಳಗಿಳಿಯುತ್ತಲೇ ಮೂಗಿಗೆ ಚುರ್ ಎಂದು ವಾಸನೆ ಹತ್ತಿತು. ತೊಳೆಯದ ದನದ ಕೊಟ್ಟಿಗೆಯ ವಾಸನೆ. ಬಗ್ಗಿ ಒಂದು ಹಿಡಿ ಹುಲ್ಲು ಎತ್ತಿದೆ, ಕಣ್ಣಲ್ಲಿ ನೀರು ಬಂತು. ಹುಲ್ಲಿನ ಮೇಲೆ ಒಂದು ಬಿಳಿ ಕಾಳೂ ಇರಲಿಲ್ಲ. ಗದ್ದೆಯ ಒಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

“ನಿನ್ನಿಯಿಂದ ಹಿಂಗ ನಾರಾಕತ್ತೇತಿ. ಏನಾದ್ರೂ ಸತ್ತೈತೇನಂತ ಬದುವಿನಗುಂಟ ಹುಡುಕಿದೆ,” ಎಂದಳು.

“ಏನೂ ಸತ್ತಿಲ್ಲಕ್ಕ. ನಿನ್ನ ಗೊಬ್ಬರ ಹೊಂಟದ.”

ಆಕೆ ಬಗ್ಗಿ ತಾನೂ ಒಂದು ಹಿಡಿ ಹುಲ್ಲು ಎತ್ತಿ ಮೂಸಿದಳು. ಆಮೇಲೆ, “ತಡೀಯಾಕ ಬರಂಗಿಲ್ಲೇನ್ರಿ?” ಎಂದು ಕೇಳಿದಳು.

ನೀರು ಹಾಯಿಸಿದರೆ ಉಳಿದದ್ದಾದರೂ ಮಣ್ಣಿಗಿಳಿಯುತ್ತಿತ್ತು. ಆದರೆ ಕಾಲುವೆಯಲ್ಲಿ ಆ ಸಾಲಿನ ಪಾಳಿ ಇನ್ನೂ ದೂರವಿತ್ತು. ಬರುವುದಿಲ್ಲ ಎಂದೆ.

ಮುಂದಿನ ವಾರಗಳಲ್ಲಿ ಆಗಬೇಕಾದದ್ದೇ ಆಯಿತು. ಮೊದಲು ಕೆಳಗಿನ ಎಲೆಗಳ ತುದಿ ಹಳದಿಯಾಯಿತು. ಹಳದಿ ಎಲೆಯ ನಡುನರದ ಗುಂಟ ಬಾಣದ ಮೊನೆಯಂತೆ ಬುಡದ ಕಡೆ ಇಳಿಯಿತು. ಸಾರಜನಕ ಸಾಲದೆ ಹೋದಾಗ ಗೋವಿನಜೋಳ ಹೀಗೆಯೇ ಹೇಳುತ್ತದೆ. ಹಳೆಯ ಎಲೆಯಿಂದ ಎಳೆದು ಸುಳಿಗೆ ಕೊಡುತ್ತದೆ. ಅಬಲೂರಿನ ಕಡೆ ಒಣಬೇಸಾಯದ ಹೊಲಗಳ ತಿರುಗಾಟ ಮುಗಿಸಿ ಬರುವಾಗೆಲ್ಲ ನಾನು ಮಾಸೂರಿನಲ್ಲಿ ಇಳಿದು ನೋಡುತ್ತಿದ್ದೆ. ಪ್ರತಿ ಸಲವೂ ಹಳದಿ ಒಂದು ಎಲೆ ಮೇಲೆ ಏರಿರುತ್ತಿತ್ತು.

ಆಗ ಸಾಹೇಬರು ಎರಡನೆಯ ಸಲ ಬಂದರು. ಗದ್ದೆಯೊಳಗೆ ಇಳಿಯಲಿಲ್ಲ. ಬದುವಿನ ಮೇಲಿಂದಲೇ ನೋಡಿ, “ನಾ ಮೊದಲ ಹೇಳಿದ್ದೆ, ಈ ಉಳುಮಿ ಇಲ್ಲದ ಬ್ಯಾಸಾಯ ಇಲ್ಲಿ ನಡ್ಯಾಂಗಿಲ್ಲ,” ಎಂದರು. ಅವರು ಹಾಗೆ ಯಾವತ್ತೂ ಹೇಳಿರಲಿಲ್ಲ. ಜೊತೆಗೆ ಬಂದವರ ಕಡೆ ತಿರುಗಿ ಇನ್ನೂ ಒಂದು ಮಾತು ಸೇರಿಸಿದರು: “ಈ ಮಂದಿಗೆ ಬ್ಯಾಸಾಯ ಎಲ್ಲಿ ಬರ್ತದ. ಗೊಬ್ಬರ ಕೊಟ್ರೂ ಹಾಕೋದು ಗೊತ್ತಿಲ್ಲ.”

ಆಕೆ ಅಲ್ಲಿಯೇ ಇದ್ದಳು. ಕೈಯಲ್ಲಿ ಕುಡಗೋಲು ಹಿಡಿದು ಕಳೆ ಕೊಯ್ಯುತ್ತಿದ್ದಳು. ಬೆನ್ನು ನೆಟ್ಟಗೆ ಮಾಡಿದಳು.

“ಗೊಬ್ಬರ ಹಾಕಿಸಿದವರು ನೀವು ಸರ್,” ಎಂದೆ. “ಒದ್ದಿ ಹುಲ್ಲಿನ ಮ್ಯಾಲ, ಒಂದ ದಿನದಾಗ, ಫೋಟೋದ ಸಲುವಾಗಿ. ಆಕಿ ಹಾಕಿದ್ದಲ್ಲ.”

ಜೊತೆಗೆ ಬಂದವರು ಬೇರೆ ಬೇರೆ ಕಡೆ ನೋಡಿದರು. ಸಾಹೇಬರ ಮುಖದ ನಗು ಮಾಯವಾಯಿತು. ಸಂಜೆಯೊಳಗೆ ಎರಡು ಆದೇಶ ಆದವು. ಪ್ರಾತ್ಯಕ್ಷಿಕೆಯ ತಗಡಿನ ಫಲಕವನ್ನು ಕಿತ್ತು ಕಾಲುವೆಯ ಮೇಲ್ಭಾಗದ ದೊಡ್ಡ ಗದ್ದೆಯೊಂದಕ್ಕೆ ಸಾಗಿಸಬೇಕು. ಅಲ್ಲಿ ಎತ್ತಿನಿಂದ ಚೆನ್ನಾಗಿ ಉತ್ತು ಬಿತ್ತಿದ ಗೋವಿನಜೋಳವಿತ್ತು. ಆಮೇಲೆ ಈ ಹಳದಿ ಬೆಳೆಯನ್ನು ಉತ್ತು ಹಾಕಿಸಬೇಕು, ಯಾರಾದರೂ ಬಂದರೆ ಕಣ್ಣಿಗೆ ಬೀಳಬಾರದು. ಅದಕ್ಕೆ ಬೇಕಾದ ಎತ್ತು ಮರುದಿನವೇ ಬರುತ್ತವೆ ಎಂದೂ ಹೇಳಿ ಹೋದರು.

ಬಿತ್ತುವುದಕ್ಕೆ ವರ್ಷಗಟ್ಟಲೆ ಸಿಗದ ಎತ್ತು ಬೆಳೆದದ್ದನ್ನು ಮಣ್ಣು ಮಾಡಲು ಮರುದಿನವೇ ಬರುತ್ತವೆ. ನಾನು ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದೆನೋ ಗೊತ್ತಿಲ್ಲ.

ಆಕೆಯ ಮನೆಗೆ ಹೋದೆ. ಆದೇಶ ಏನು ಎಂದು ಹೇಳಿದೆ. ಇದು ಪಾಲಿಸಬೇಕಾದ ಆದೇಶವಲ್ಲ, ಗದ್ದೆ ನಿಮ್ಮದು, ಬೇಡ ಎಂದರೆ ಯಾರೂ ಇಳಿಯುವ ಹಾಗಿಲ್ಲ ಎಂದೂ ಹೇಳಿದೆ. ಸರ್ಕಾರದ ನೌಕರಳಾಗಿ ನಾನು ಹೇಳಬಾರದ ಮಾತದು.

“ಉಳಿಸಿದ್ರ ಬದುಕತೈತೇನ್ರಿ ಬೆಳಿ?” ಎಂದು ಕೇಳಿದಳು.

“ಮೊಣಕಾಲೆತ್ತರ ಆಗೋದ್ರಾಗ ಗೊಬ್ಬರ ಬೇರಿಗೆ ಸಿಕ್ಕ್ರ ಬದುಕತದ. ಆದ್ರ ಯೋಜನಾದ ಗೊಬ್ಬರ ಮುಗದುಹೋತು.”

ಆಕೆ ಎದ್ದು ಒಳಗೆ ಹೋದಳು. ಒಲೆಯ ಮೇಲಿನ ಅಟ್ಟದಿಂದ ಒಂದು ಚೀಲ ಎಳೆದು ಕೆಳಗೆ ಬೀಳಿಸಿದಳು. ಭತ್ತಕ್ಕೆಂದು ತಂದು ಉಳಿದ ಯೂರಿಯಾ. ಮಳೆಗಾಲದ ಹಸಿ ಹೀರಿ ಚೀಲದೊಳಗೇ ಗಟ್ಟಿಯಾಗಿ ಬಂಡೆಯಾಗಿತ್ತು.

“ಇದು ಬರ್ತೈತೇನ ನೋಡ್ರಿ.”

ಬರುತ್ತಿತ್ತು. ಮರುದಿನ ಎತ್ತು ತಂದವನನ್ನು ಆಕೆ ಬದುವಿನ ಮೇಲೆ ನಿಲ್ಲಿಸಿ, “ಮುಂದಿನ ವರ್ಷ ಬಿತ್ತಾಕ ಬೇಕಾದಾಗ ಹೇಳಿ ಕಳಸ್ತೇನಿ, ಆಗ ಬಾ,” ಎಂದು ವಾಪಸ್ಸು ಕಳಿಸಿದಳು. ಅವನು ಎತ್ತು ತಿರುಗಿಸಿಕೊಂಡು ಹೋದ.

ಆಮೇಲೆ ಕೆಲಸ. ಬಿತ್ತನೆಗೆ ಬಂದಿದ್ದ ಇಬ್ಬರು ಹೆಂಗಸರೂ ಬಂದರು. ಚೀಲವನ್ನು ಗೋಣಿಯ ಮೇಲೆ ಸುರಿದು ಒನಕೆಯಿಂದ ಬಡಿದು ಪುಡಿ ಮಾಡಿ ಜರಡಿ ಹಿಡಿದೆವು. ಹೆಂಟೆ ಹಾಗೇ ಬಿದ್ದರೆ ಒಂದು ಸಸಿ ಸುಟ್ಟು ಪಕ್ಕದ್ದು ಉಪವಾಸ ಬೀಳುತ್ತದೆ. ಬಿತ್ತನೆಯ ಮೊನೆಗೋಲಿನಿಂದಲೇ ಗೊಬ್ಬರಕ್ಕೆ ತೂತು ಹೊಡೆಯಲು ಶುರು ಮಾಡಿದೆವು. ಅರ್ಧ ಸಾಲಿಗೇ ತೊಂದರೆ ಬಂತು. ಅರೆಬರೆ ಕೊಳೆತ ಹುಲ್ಲು ಮೊನೆಗೆ ಸುತ್ತಿಕೊಂಡು ತೂತಿನೊಳಗೇ ಇಳಿಯುತ್ತಿತ್ತು, ಗೊಬ್ಬರ ಮತ್ತೆ ಹುಲ್ಲಿನ ಮೇಲೇ ಬೀಳುತ್ತಿತ್ತು. ನಾನು ಯಾವುದನ್ನು ತಪ್ಪಿಸಲು ಹೊರಟಿದ್ದೆನೋ ಅದೇ. ಕೋಲು ಎಸೆದು ಬದುವಿನ ಮೇಲೆ ಕುಳಿತುಬಿಟ್ಟೆ. ಆಮೇಲೆ ಎದ್ದು ಊರಿನ ಕಮ್ಮಾರನಲ್ಲಿಗೆ ಹೋಗಿ, ಮೊನೆಯನ್ನು ಚಪ್ಪಟೆಯಾಗಿ ಬಡಿಸಿ ಬಡಗಿಯ ಉಳಿಯ ಹಾಗೆ ಹದ ಮಾಡಿಸಿದೆ. ಮೊದಲು ಕಾಲಿನಿಂದ ಹುಲ್ಲು ಸರಿಸುವುದು, ಉಳಿಯನ್ನು ಓರೆಯಾಗಿ ಇಳಿಸುವುದು, ಅಲ್ಲಾಡಿಸಿ ಸೀಳು ಅಗಲ ಮಾಡುವುದು. ಇದು ನಡೆಯಿತು.

ಎರಡನೆಯ ತೊಂದರೆ ಮಣ್ಣಿನದು. ಭತ್ತದ ಗದ್ದೆಯ ಜಿಗಟು ಮಣ್ಣು. ಉಳಿ ಹೊರಬಂದ ಮೇಲೆ ಸೀಳು ಗೋಡೆಯ ಹಾಗೆ ನುಣ್ಣಗೆ ತೆರೆದೇ ಉಳಿಯುತ್ತಿತ್ತು. ತೆರೆದ ಸೀಳಿನಲ್ಲಿ ಗೊಬ್ಬರ ಇದ್ದರೂ ಒಂದೇ, ಹುಲ್ಲಿನ ಮೇಲೆ ಇದ್ದರೂ ಒಂದೇ. ಹಾಗಾಗಿ ಒಬ್ಬರು ಸೀಳು ಮಾಡುತ್ತ, ಒಬ್ಬರು ಮೂರು ಬೆರಳಿನಲ್ಲಿ ಹಿಡಿಯುವಷ್ಟು ಯೂರಿಯಾ ಬಿಡುತ್ತ, ಮೂರನೆಯವರು ಪಕ್ಕದಿಂದ ಹಿಮ್ಮಡಿ ಊರಿ ಬಾಯಿ ಮುಚ್ಚುತ್ತ ಸಾಗುವ ಪದ್ಧತಿ ಮಾಡಿಕೊಂಡೆವು. ಸಸಿಯಿಂದ ನಾಲ್ಕು ಬೆರಳು ದೂರ, ಒಂದೇ ಪಕ್ಕಕ್ಕೆ. ಇಬ್ಬನಿ ಇರುವಾಗ ಹಾಕುತ್ತಿರಲಿಲ್ಲ. ಸುಳಿಯೊಳಗೆ ಕಾಳು ಬಿದ್ದು ಅಂಟಿಕೊಂಡರೆ ಸುಳಿ ಸುಡುತ್ತದೆ. ಹಾಸಿದ ಹುಲ್ಲನ್ನು ಮತ್ತೆ ಸಾಲಿನ ಮೇಲೆ ಎಳೆಯುವುದನ್ನು ನಾಲ್ಕನೆಯವಳು ನೋಡಿಕೊಂಡಳು. ಸೊಂಟ ಬಿದ್ದುಹೋಗುವ ಕೆಲಸ. ಒಂದು ಬದಿಯ ಕೊನೆಯ ಪಟ್ಟಿಯೊಂದಕ್ಕೆ ಬೇಕೆಂದೇ ಏನೂ ಹಾಕಲಿಲ್ಲ. ಎರಚಿದ್ದರಿಂದ ಏನು ಸಿಕ್ಕಿತು ಎಂಬುದಕ್ಕೆ ಒಂದು ಸಾಕ್ಷಿ ಇರಲಿ ಎಂದು.

ಇನ್ನು ನೀರು ಬೇಕಿತ್ತು. ಮಣ್ಣಿನೊಳಗೆ ಹಾಕಿದ ಗೊಬ್ಬರ ಗಾಳಿಗೆ ಹೋಗುವುದಿಲ್ಲ, ಆದರೆ ಒಣ ಮಣ್ಣಿನಲ್ಲಿ ಬೇರಿಗೂ ಸಿಗುವುದಿಲ್ಲ. ನಾವು ಲೆಕ್ಕ ಹಾಕಿಯೇ ಆ ಸಾಲಿನ ಪಾಳಿಯ ಹಿಂದಿನ ದಿನ ಕೆಲಸ ಮುಗಿಸಿದ್ದೆವು. ಮರುದಿನ ನೀರು ಬರಲಿಲ್ಲ. ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯನ್ನು ಹುಡುಕಿಕೊಂಡು ಕಾಲುವೆಯ ಮೇಲ್ಭಾಗಕ್ಕೆ ಹೋದೆವು. ನೀರು ಫಲಕ ಹುಗಿದ ಗದ್ದೆಗೆ ತಿರುಗಿತ್ತು.

“ಸಾಹೇಬ್ರು ಹೇಳ್ಯಾರ್ರಿ, ಡೆಮೋ ಗದ್ದಿಗೆ ಮೊದಲ ಬಿಡು ಅಂತ. ನಾ ಏನ ಮಾಡ್ಲಿ?” ಎಂದ ನೀರಗಂಟಿ.

“ಪಾಳಿ ಯಾರ್ದು ಇವತ್ತ?” ಎಂದು ಕೇಳಿದೆ.

“ಕೆಳಗಿನವ್ರದು.”

“ಮತ್ತ?”

ಅವನು ಸಲಿಕೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತ. ಗದ್ದೆಯ ಒಡತಿ ನನ್ನನ್ನು ದಾಟಿ ಮುಂದೆ ಹೋಗಿ, ನೀರು ತಿರುಗುವ ಜಾಗದಲ್ಲಿ ಕಾಲುವೆಯ ದಂಡೆಯ ಮೇಲೆ ಕುಳಿತಳು. ಹಿಂದೆಯೇ ಆ ಸಾಲಿನ ಉಳಿದ ಹೆಂಗಸರು ಬಂದು ಕುಳಿತರು. ಯಾರೂ ಬೈಯಲಿಲ್ಲ, ಕೂಗಲಿಲ್ಲ. ಒಬ್ಬಳು ಎಲೆಅಡಿಕೆ ಚೀಲ ಬಿಚ್ಚಿದಳು.

“ನಮ್ಮ ಪಾಳಿ ನಮಗ ಬಿಡಪಾ,” ಎಂದಳು ಆಕೆ. “ಬ್ಯಾರೇದವ್ರದು ಬೇಡಾಕ ಬಂದಿಲ್ಲ ನಾವು. ಬಿಡೂತನಕ ಇಲ್ಲೇ ಕುಂದರತೇವಿ. ಸಾಹೇಬ್ರನ್ನ ಕರಸೂದಿದ್ರ ಕರಸು, ಅವರಿಗೂ ಜಾಗಾ ಮಾಡಿಕೊಡತೇವಿ.”

ನಾನೂ ಕುಳಿತೆ. ಬಿಸಿಲು ಏರಿತು. ಮೇಲಿನ ಗದ್ದೆಯ ಒಡೆಯ ಒಮ್ಮೆ ಬಂದು ನೋಡಿದ. ಅವನಿಗೂ ಇದು ಬೇಡವಾಗಿತ್ತೇನೋ. “ನನಗ ಸಾಕಾಗೇತಿ, ಅವರ ನೀರ ಅವರಿಗೆ ತಿರುಗಸು,” ಎಂದು ನೀರಗಂಟಿಗೆ ಹೇಳಿ ಹೋದ. ಸಲಿಕೆ ಬಿತ್ತು, ಮಣ್ಣು ಸರಿಯಿತು, ನೀರು ಕೆಳಗೆ ಹೊರಟಿತು. ನಾವು ನೀರಿನ ಜೊತೆಗೇ ನಡೆದು ಬಂದೆವು. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಸಾರಜನಕ ಇನ್ನೊಂದು ದಾರಿಯಲ್ಲಿ ಹಾಳಾಗುತ್ತದೆ. ಅದಕ್ಕೇ ಕೆಳಗಿನ ಬದುವನ್ನು ಕಡಿದು ಇಟ್ಟಿದ್ದೆವು. ನೀರು ಒಂದು ಕಡೆ ತೆಳ್ಳಗೆ ಹಬ್ಬಿ ಇನ್ನೊಂದು ಕಡೆ ಹೊರಗೆ ಹರಿಯಿತು.

ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸದಾಗಿ ಬಂದ ಎಲೆ ನೋಡಬೇಕು. ಮುಂದಿನ ವಾರ ಹೋದಾಗ ಸುಳಿಯಿಂದ ಬಿಚ್ಚಿಕೊಂಡ ಎಲೆ ಅಗಲವಾಗಿತ್ತು, ದಟ್ಟ ಹಸಿರಾಗಿತ್ತು. ಏನೂ ಹಾಕದೆ ಬಿಟ್ಟ ಪಟ್ಟಿಯಲ್ಲಿ ಹೊಸ ಎಲೆಯೂ ಮಂಕಾಗಿತ್ತು. ಎರಡರ ನಡುವಿನ ಗೆರೆ ಬದುವಿನ ಮೇಲಿಂದಲೇ ಕಾಣುತ್ತಿತ್ತು. ಹೂಗೊಂಚಲಿಗೆ ಮೊದಲು ಉಳಿದ ಯೂರಿಯಾವನ್ನು ಇನ್ನೊಂದು ಪಕ್ಕಕ್ಕೆ ಅದೇ ರೀತಿ ಹಾಕಿದೆವು.

ಕೊಯ್ಲಿನ ಬಗ್ಗೆ ಸುಳ್ಳು ಹೇಳಲಾರೆ. ಮೇಲಿನ ಉತ್ತ ಗದ್ದೆಯಷ್ಟು ಬರಲಿಲ್ಲ. ಮೊದಲ ವಾರಗಳ ಹಸಿವು ತೆನೆಯಲ್ಲಿ ಕಂಡಿತು, ಹಲವು ತೆನೆಗಳ ತುದಿಯಲ್ಲಿ ಕಾಳು ಕಟ್ಟಿರಲಿಲ್ಲ. ಆದರೆ ಆಕೆಯ ಅಂಗಳದಲ್ಲಿ ಚಳಿಗಾಲದ ಬೆಳೆ ಎಂದು ಮೊದಲ ಸಲ ತೆನೆಯ ರಾಶಿ ಬಿತ್ತು. ಬಿಟ್ಟ ಪಟ್ಟಿಯ ತೆನೆಗಳನ್ನು ಬೇರೆ ಹಾಕಿದ್ದೆವು. ಅವು ನನ್ನ ಅಂಗೈಗಿಂತ ಚಿಕ್ಕವು. ಹಾನಗಲ್ಲಿನಿಂದ ಬಂದ ಆಕೆಯ ಗಂಡ ಎರಡೂ ರಾಶಿಯ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದು ತೆನೆ ಕೈಯಲ್ಲಿ ಹಿಡಿದು ನೋಡಿದ. “ಮೊದಲ ಹಾಕಿದ್ದೂ ಮಣ್ಣಾಗ ಹಾಕಿದ್ರ?” ಎಂದು ಕೇಳಿದ. ಅದೇ ಪ್ರಶ್ನೆ ನನ್ನನ್ನು ಸುಡುತ್ತಿತ್ತು. ಯಾರದೋ ಒಂದು ಫೋಟೋಕ್ಕಾಗಿ ಆ ತೆನೆಗಳ ತುದಿ ಖಾಲಿ ಉಳಿದಿತ್ತು.

ಮಳೆಗಾಲಕ್ಕೆ ಮೊದಲು ಹಾನಗಲ್ಲಿನಲ್ಲಿ ಸುತ್ತಲಿನ ತಾಲೂಕುಗಳ ಸಿಬ್ಬಂದಿಯ ಸಭೆ ಸೇರಿತು. ಪ್ರಾತ್ಯಕ್ಷಿಕೆಗಳ ಬಗ್ಗೆ ಸಾಹೇಬರು ಮಾತಾಡುವವರಿದ್ದರು. ಏನು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಎರಡು ದಿನ ಮೊದಲೇ ಮಾಸೂರಿಗೆ ಹೋಗಿ, ಅದೇ ಗದ್ದೆಯ ಮಣ್ಣನ್ನು ಎರಡು ಗಡಿಗೆಗಳಿಗೆ ತುಂಬಿ ಒದ್ದೆ ಹುಲ್ಲು ಹಾಸಿದೆ. ಒಂದರಲ್ಲಿ ಒಂದು ಹಿಡಿ ಯೂರಿಯಾ ಹುಲ್ಲಿನ ಮೇಲೆ. ಇನ್ನೊಂದರಲ್ಲಿ ಅಷ್ಟೇ ಯೂರಿಯಾ ಮಣ್ಣಿನೊಳಗೆ ಆಳಕ್ಕೆ. ಗದ್ದೆಯ ಒಡತಿ ಎರಡಕ್ಕೂ ಮುಚ್ಚಳ ಇಟ್ಟು ಬಟ್ಟೆ ಬಿಗಿದು ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಕಂಡಕ್ಟರ್, “ಉಪ್ಪಿನಕಾಯೇನ್ರಿ?” ಎಂದು ಕೇಳಿದ. ಹೌದು ಎಂದೆ.

ಸಭೆಯಲ್ಲಿ ಸಾಹೇಬರು ನಾನು ನಿರೀಕ್ಷಿಸಿದ್ದನ್ನೇ ಹೇಳಿದರು. ಉಳುಮೆ ಇಲ್ಲದ ಗೋವಿನಜೋಳ ಈ ಭಾಗಕ್ಕೆ ಹೊಂದುವುದಿಲ್ಲ, ಮಾಸೂರಿನಲ್ಲಿ ಪೂರ್ತಿ ಗೊಬ್ಬರ ಕೊಟ್ಟರೂ ಬೆಳೆ ಹಳದಿ ಬಿತ್ತು, ರೈತರಿಗೆ ತಿಳಿವಳಿಕೆ ಸಾಲದು. ನಾನು ಎದ್ದು ಹೋಗಿ ಮೊದಲ ಗಡಿಗೆಯನ್ನು ಅವರ ಮೇಜಿನ ಮೇಲೆ ಇಟ್ಟೆ. ಬಟ್ಟೆ ಬಿಚ್ಚಿ ಮುಚ್ಚಳ ತೆಗೆದೆ.

ಅವರು ಬಗ್ಗಿ ನೋಡಲು ಹೋದವರು ಕುರ್ಚಿಯನ್ನೇ ಹಿಂದಕ್ಕೆ ತಳ್ಳಿ ಕೆಮ್ಮತೊಡಗಿದರು. ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು.

“ಏನಿದು?”

“ನೀವು ಮಾಸೂರಿನ್ಯಾಗ ಕೊಟ್ಟ ಪೂರ್ತಿ ಗೊಬ್ಬರ ಸರ್. ಹಿಂಗ ಹೋತು.”

“ನಾಟಕ ಮಾಡ್ತೀರೇನು ಸಭಾದಾಗ?”

“ಇಲ್ಲ ಸರ್. ಎಲ್ಲಾರೂ ಮೂಸಿ ನೋಡ್ಲಿ.”

ಗಡಿಗೆಯನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟೆ. ಎರಡನೆಯದನ್ನೂ ಬಿಚ್ಚಿ ಅದರ ಹಿಂದೆಯೇ ಕಳಿಸಿದೆ. ಅದರಲ್ಲಿ ಬರೀ ಮಣ್ಣಿನ ವಾಸನೆ. ಸಭೆಯ ತುಂಬ ಕೆಮ್ಮು, ಸೀನು, ಪಿಸುಮಾತು. ಸಾಹೇಬರು ಸಭೆ ಮುಗಿಯಿತು ಎಂದರು. ಯಾರೂ ಏಳಲಿಲ್ಲ. ಶಿಗ್ಗಾಂವಿಯಿಂದ ಬಂದಿದ್ದ ವಯಸ್ಸಾದ ಗ್ರಾಮಸೇವಕರೊಬ್ಬರು ಎರಡೂ ಗಡಿಗೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಹುಲ್ಲು ಸರಿಸಿ ನೋಡುತ್ತ, “ನಮ್ಮಲ್ಲೂ ಹಿಂಗ ಎರಚಸಾಕತ್ತೇವಲ್ರಿ,” ಎಂದರು. ಅವರ ಮಾತು ಯಾರನ್ನೂ ದೂರುವ ಮಾತಾಗಿರಲಿಲ್ಲ. ಅದಕ್ಕೇ ಅದು ಎಲ್ಲರಿಗೂ ತಟ್ಟಿತು.

ಅದೇ ತಿಂಗಳು ನನ್ನ ವರ್ಗಾವಣೆಯಾಯಿತು, ಸವಣೂರಿಗೆ. ನಿಮ್ಮೂರಿಗೇ ಕಳಿಸಿದ್ದೇನೆ ನೋಡಿ ಎಂದು ಸಾಹೇಬರು ಉಪಕಾರ ಮಾಡಿದವರ ಹಾಗೆ ಹೇಳಿದರು. ಅಲ್ಲಿ ಗೋವಿನಜೋಳವೂ ಇರಲಿಲ್ಲ, ಕೆರೆಯ ಗದ್ದೆಯೂ ಇರಲಿಲ್ಲ. ಆ ವರ್ಷವಿಡೀ ಬೀಜದ ಚೀಲಗಳ ದಾಸ್ತಾನು ನೋಡಿಕೊಂಡು ಕಚೇರಿಯಲ್ಲಿ ಕುಳಿತೆ. ಸಿಟ್ಟು ಕೂತಲ್ಲೇ ಕೂತಿತ್ತು.

ಚಳಿಗಾಲದಲ್ಲಿ ರಜೆ ಹಾಕಿ ಮಾಸೂರಿಗೆ ಹೋದೆ. ಕಾಲುವೆಯ ಕೊನೆಯ ಸಾಲಿನಲ್ಲಿ ಒಂದು ಗದ್ದೆಯೂ ಬೀಳು ಇರಲಿಲ್ಲ. ಕೂಳೆಯ ನಡುವೆ ಗೋವಿನಜೋಳ ಮೊಣಕಾಲು ಮುಟ್ಟಿತ್ತು, ಬುಡದ ಎಲೆಯವರೆಗೂ ಹಸಿರು. ಆಕೆ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದಳು. ನನಗೂ ರೊಟ್ಟಿ ಕೊಟ್ಟಳು. ಊಟದ ನಡುವೆ ಕೇಳಿದೆ:

“ಸಾಹೇಬ್ರು ಬಂದಿದ್ರೇನು ಈ ಕಡೆ?”

“ಬಂದಿದ್ರಲ್ರೀ, ಹ್ವಾದ ವಾರ. ಜೀಪ್ ನಿಂದರಿಸಿದ್ರು. ಬೆಳಿ ಛಲೋ ಐತಿ, ಯಾವಾಗ ಗೊಬ್ಬರ ಹಾಕ್ತೀರಿ, ಹೇಳ್ರಿ, ಮಂದಿ ಕರಕೊಂಡ ಬರತೇನಿ ಅಂದ್ರು.”

“ನೀ ಏನಂದಿ?”

“ಹಾಕಿ ಆಗೇತ್ರಿ ಅಂದೆ.” ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದಳು. “ಗದ್ದಿ ತುಂಬ ನೋಡಿದ್ರು. ಎಲ್ಲೈತಿ, ಕಾಣವಲ್ದಲ್ಲ ಅಂದ್ರು. ಕಾಣಂಗಿಲ್ರಿ, ಮಣ್ಣಾಗ ಐತಿ ಅಂದೆ.”